ಛತ್ರಿ ಏರಿಸಿದ ಕೈಗಳು



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಒಂದು ಸಭಾಂಗಣ ಇದ್ದೀತು. ಅದರ ಛಾವಣಿಗೆ ಒಂದು ಪ್ರೊಜೆಕ್ಟರ್ ತೂಗುಹಾಕಿರಬಹುದು, ವೇದಿಕೆಯ ಎರಡೂ ಬದಿಗೆ ಧ್ವನಿವರ್ಧಕದ ಪೆಟ್ಟಿಗೆಗಳಿರಬಹುದು. ಅವು ಸರಿಯಾಗಿ ನಡೆಯುತ್ತಿದ್ದರೆ ನೀವು ತಲೆಯೆತ್ತಿ ನೋಡಿರಲಾರಿರಿ. ಕೆಟ್ಟು ನಿಂತ ದಿನ ಮಾತ್ರ ಎಲ್ಲರ ಕಣ್ಣೂ ಅತ್ತ ಹೋಗುತ್ತದೆ.

ನಾನು ಪಾಠ ಹೇಳುತ್ತಿದ್ದ ಒಂದು ಕಾಲೇಜಿನಲ್ಲಿ ಹೀಗಾಯಿತು. ಹೊಸ ಉಪಕರಣಗಳು ಬಂದವು. ಪೆಟ್ಟಿಗೆ ಒಡೆಯುವಾಗ ನಾವೆಲ್ಲ ಸುತ್ತ ನಿಂತು ನೋಡಿದೆವು. ಕೂರಿಸಲು ಬಂದ ಇಬ್ಬರು ಹುಡುಗರು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಹೊರಟುಹೋದರು. ವಾರ ಕಳೆಯುವುದರೊಳಗೆ ಪ್ರೊಜೆಕ್ಟರ್ ಒಂದು ಕಡೆಗೆ ವಾಲಿತು. ಮೈಕು ಹಾಕಿದರೆ ಜೇನುನೊಣ ಗುಂಯ್‌ಗುಟ್ಟಿದ ಹಾಗೆ ಸದ್ದು. ಮಾರಿದವರನ್ನು ಕೇಳಿದರೆ ‘ಸಾಮಾನು ಸರಿಯಿದೆ, ಕೂರಿಸಿದ್ದು ನಮ್ಮವರಲ್ಲ’ ಎಂದರು. ಎಲೆಕ್ಟ್ರಿಷಿಯನ್ನನ್ನು ಕೇಳಿದರೆ ‘ನನ್ನ ಕೆಲಸ ಪ್ಲಗ್ ಪಾಯಿಂಟಿನವರೆಗೆ ಮಾತ್ರ’ ಎಂದ. ಕೊನೆಗೆ ಊರಿನ ಹಳೆಯ ರೇಡಿಯೋ ರಿಪೇರಿಯವರೊಬ್ಬರು ಬಂದರು. ಎರಡು ನಿಮಿಷ ಕಿವಿಗೊಟ್ಟು ಕೇಳಿ, ‘ಅರ್ಥಿಂಗ್ ಎಲ್ಲಿ ಕೊಟ್ಟಿದ್ದಾರೆ ಸಾರ್?’ ಎಂದರು. ಎಲ್ಲೂ ಕೊಟ್ಟಿರಲಿಲ್ಲ. ಪ್ರೊಜೆಕ್ಟರಿನ ಮೊಳೆಗಳು ಕಾಂಕ್ರೀಟಿಗೆ ಮುಟ್ಟಿರಲೇ ಇಲ್ಲ. ಅಲಂಕಾರಕ್ಕೆ ಹಾಕಿದ್ದ ಜಿಪ್ಸಂ ಹಲಗೆಗೇ ಅವನ್ನು ಕಚ್ಚಿಸಿದ್ದರು. ಕೆಳಗೆ ಯಾರೂ ಕೂತಿರದಿದ್ದುದು ನಮ್ಮ ಪುಣ್ಯ.

ಯಂತ್ರಕ್ಕೆ ಹಣ ಹೊಂದಿಸಬಹುದು. ಅದನ್ನು ಕೂರಿಸುವ, ಕೂರಿಸಿದ ಮೇಲೆ ಕರೆದರೆ ಬರುವ ಕೈಗಳನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಅಂದು ನನಗೆ ಗೊತ್ತಾಯಿತು. ಆಗ ನೆನಪಾದದ್ದು ಸುಮಾರು ಅರ್ಧ ಶತಮಾನದ ಹಿಂದಿನ ಒಂದು ಪ್ರಕರಣ. ಒಂದು ಸಭಾಂಗಣಕ್ಕೆ ಇಷ್ಟು ಪಾಡು ಪಟ್ಟ ನಮಗೆ, 2,400 ಹಳ್ಳಿಗಳಲ್ಲಿ ಏಕಕಾಲಕ್ಕೆ ದೂರದರ್ಶನ ಕೂರಿಸಿದವರ ಕಥೆಯನ್ನು ತಿಳಿಯುವ ಕುತೂಹಲ ಬರುವುದು ಸಹಜವಲ್ಲವೇ?

ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಎಲ್ಲರ ಬಾಯಲ್ಲಿ ‘ಸೈಟ್’, ನಡೆದದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ಅದರ ಕನಸು ಡಾ. ವಿಕ್ರಂ ಸಾರಾಭಾಯಿ ಅವರದು. ಅಮೆರಿಕದ ನಾಸಾ ಸಂಸ್ಥೆಯೊಡನೆ ಭಾರತದ ಅಣುಶಕ್ತಿ ಇಲಾಖೆ ಒಪ್ಪಂದ ಮಾಡಿಕೊಂಡದ್ದು 1969ರ ಸೆಪ್ಟೆಂಬರ್ 18ರಂದು. ಪ್ರಯೋಗವನ್ನು ಕಣ್ಣಾರೆ ಕಾಣುವ ಭಾಗ್ಯ ಸಾರಾಭಾಯಿ ಅವರಿಗೆ ಇರಲಿಲ್ಲ. 1971ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಪ್ರೊ. ಯಶಪಾಲ್, ಕಾರ್ಯಕ್ರಮದ ವ್ಯವಸ್ಥಾಪಕರಾಗಿದ್ದ ಇ.ವಿ. ಚಿಟ್ನಿಸ್ ಮುಂತಾದವರು ಅದನ್ನು ನಡೆಸಿಕೊಟ್ಟರು.

ಉಪಗ್ರಹ ನಮ್ಮದಲ್ಲ. ನಾಸಾದ ಎ.ಟಿ.ಎಸ್.-6 ಎಂಬುದನ್ನು ಒಂದು ವರ್ಷದ ಮಟ್ಟಿಗೆ ನಮಗೆ ಬಿಟ್ಟುಕೊಡಲಾಗಿತ್ತು. ನೆಲದ ಮೇಲಿನದೆಲ್ಲವೂ ನಮ್ಮ ಹೊಣೆ. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ ಈ ಆರು ರಾಜ್ಯಗಳ 20 ಜಿಲ್ಲೆಗಳನ್ನು ಆರಿಸಿದರು. ಅವು ಮುಂದುವರಿದ ಜಿಲ್ಲೆಗಳಲ್ಲ, ಹಿಂದುಳಿದವೆಂದೇ ಆರಿಸಿದ್ದು. ನಮ್ಮ ರಾಜ್ಯದಿಂದ ಗುಲಬರ್ಗಾ, ರಾಯಚೂರು, ಬಿಜಾಪುರ ಸೇರಿದವು. ಆಗ ಯಾದಗಿರಿ, ಕೊಪ್ಪಳ, ಬಾಗಲಕೋಟೆ ಪ್ರತ್ಯೇಕ ಜಿಲ್ಲೆಗಳಾಗಿರಲಿಲ್ಲ. ಅವೆಲ್ಲ ಈ ಮೂರರೊಳಗೇ ಇದ್ದವು. ಇಂದಿನ ಕಲಬುರಗಿ, ವಿಜಯಪುರ ಎಂಬ ಹೆಸರುಗಳು ಬಳಕೆಗೆ ಬಂದದ್ದು 2014ರಲ್ಲಿ. ರಾಜ್ಯಕ್ಕೆ ಸುಮಾರು 400ರಂತೆ ಹಳ್ಳಿಗಳು. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಹಿರಿಯರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಕನ್ನಡ, ಒರಿಯಾ, ತೆಲುಗು ನಾಲ್ಕೂ ಭಾಷೆಗಳಿಗೆ ಇಪ್ಪತ್ತೆರಡೂವರೆ ನಿಮಿಷದಂತೆ ಹಂಚಿದ್ದರು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ, ಏಕೆಂದರೆ ಬೆಂಗಳೂರಿಗೆ ದೂರದರ್ಶನ ಬಂದದ್ದೇ 1981ರಲ್ಲಿ. ಇದು ನಿಮಗೆ ಸೋಜಿಗವೆನಿಸಬಹುದು. ರಾಜಧಾನಿಗಿಂತ ಆರು ವರ್ಷ ಮೊದಲೇ ಗುಲಬರ್ಗಾದ ಹಳ್ಳಿಗರು ಟಿ.ವಿ. ಕಂಡಿದ್ದರು!

ಈಗ ನಮ್ಮ ವಿಷಯಕ್ಕೆ ಬರೋಣ. ಹಳ್ಳಿಯಲ್ಲಿ ಕೂರಿಸಬೇಕಾದದ್ದು ಏನು? ಮೂರು ಮೀಟರ್ ಅಗಲದ ಒಂದು ಛತ್ರಿ, ಅದರ ಸಂಜ್ಞೆಯನ್ನು ಮಾರ್ಪಡಿಸುವ ಒಂದು ಪೆಟ್ಟಿಗೆ, ಒಂದು ದೊಡ್ಡ ಕಪ್ಪು-ಬಿಳುಪು ಟಿ.ವಿ. ಸೆಟ್ಟು. ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. ಛತ್ರಿಯ ಹೊದಿಕೆ ಲೋಹದ ತಗಡಲ್ಲ, ಕೋಳಿಗೂಡಿಗೆ ಕಟ್ಟುತ್ತಾರಲ್ಲ, ಅಂಥ ತಂತಿ ಜಾಲರಿ. ಕಿಂಡಿಕಿಂಡಿಯಾದ ಜಾಲರಿಯಿಂದ ತರಂಗ ಸೋರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಉಪಗ್ರಹದ ಪ್ರಸಾರ 860 ಮೆಗಾಹರ್ಟ್ಸ್ ಆವೃತ್ತಿಯಲ್ಲಿತ್ತು. ಬೆಳಕಿನ ವೇಗವನ್ನು ಅದರಿಂದ ಭಾಗಿಸಿ ನೋಡಿ, ತರಂಗದೂರ ಸುಮಾರು 35 ಸೆಂಟಿಮೀಟರ್ ಬರುತ್ತದೆ. ಅಷ್ಟು ಉದ್ದದ ತರಂಗಕ್ಕೆ ಬೆರಳಗಲದ ಕಿಂಡಿ ಕಿಂಡಿಯೇ ಅಲ್ಲ. ಜಾಲರಿ ಅದಕ್ಕೆ ನುಣ್ಣನೆಯ ಕನ್ನಡಿಯಂತೆಯೇ ಕಾಣುತ್ತದೆ. ಅದೇ ಜಾಲರಿಯೊಳಗಿಂದ ಗಾಳಿ ಮಾತ್ರ ಸರಾಗವಾಗಿ ನುಗ್ಗಿಹೋಗುತ್ತದೆ, ಆದ್ದರಿಂದ ಬಿರುಗಾಳಿಗೆ ಕಂಬ ಮುರಿಯುವ ಭಯ ಕಡಿಮೆ. ತೂಕವೂ ಕಡಿಮೆ.

ಇದರಲ್ಲಿ ಒಂದು ಜಾಣ್ಮೆ ಇದೆ, ಸ್ವಲ್ಪ ನಿಂತು ಗಮನಿಸಿ. ಆಕಾಶದಲ್ಲಿದ್ದ ಎ.ಟಿ.ಎಸ್.-6ರ ಛತ್ರಿಯ ಅಗಲ ಒಂಬತ್ತು ಮೀಟರಿಗೂ ಹೆಚ್ಚು. ಆ ಕಾಲಕ್ಕೆ ಅದು ಬಹು ದೊಡ್ಡದು. ಮೇಲೆ ಇರುವುದು ಬಲವಾಗಿದ್ದರೆ ಕೆಳಗಿನದು ಸರಳವಾಗಿರಬಹುದು. ಮೂರು ಮೀಟರ್ ಛತ್ರಿಗೆ ಆ ಆವೃತ್ತಿಯಲ್ಲಿ ಸುಮಾರು ಎಂಟು ಡಿಗ್ರಿಗಳಷ್ಟು ವಿಶಾಲವಾದ ನೋಟವಿರುತ್ತದೆ. ಗುರಿ ಒಂದೆರಡು ಡಿಗ್ರಿ ಆಚೀಚೆಯಾದರೂ ಚಿತ್ರ ಬರುತ್ತದೆ. ಇಂದು ನಿಮ್ಮ ಮನೆಯ ಮೇಲಿರುವ ಅರವತ್ತು ಸೆಂಟಿಮೀಟರಿನ ಪುಟ್ಟ ತಟ್ಟೆಯನ್ನು ತೆಗೆದುಕೊಳ್ಳಿ. ಅದರ ಆವೃತ್ತಿ ಹನ್ನೆರಡು ಗಿಗಾಹರ್ಟ್ಸಿನ ಆಸುಪಾಸು, ನೋಟ ಮೂರು ಡಿಗ್ರಿಯ ಒಳಗೆ. ಕೂರಿಸುವವನ ಕೈ ಸ್ವಲ್ಪ ನಡುಗಿದರೂ ಚಿತ್ರ ಮಾಯ. ಹಾಗಾಗಿ 1975ರ ಛತ್ರಿ ದೊಡ್ಡದಾದರೂ ಕೂರಿಸುವವನ ತಪ್ಪನ್ನು ಸಹಿಸಿಕೊಳ್ಳುತ್ತಿತ್ತು. ಪಳಗಿದ ಕೈಗಳು ವಿರಳವಾಗಿರುವ ದೇಶಕ್ಕೆ ಇಂಥ ಉಪಕರಣವೇ ತಕ್ಕದ್ದು. ಹಳ್ಳಿಯ ಕೆಲಸಗಾರನ ಕಷ್ಟವನ್ನು ವಿನ್ಯಾಸದ ಮೇಜಿನ ಮೇಲೆಯೇ ಅರ್ಧ ಇಳಿಸಿದ್ದರು.

ಉಳಿದರ್ಧ? ಅದನ್ನು ಯಾವ ವಿನ್ಯಾಸವೂ ಇಳಿಸಲಾರದು. ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಉಪಗ್ರಹ ಇದ್ದದ್ದು ಪೂರ್ವ ಆಫ್ರಿಕದ ಮೇಲೆ, ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಸಮಭಾಜಕ ವೃತ್ತದ ನೆತ್ತಿಗೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಗುಲಬರ್ಗಾದಿಂದ ನೋಡಿದರೆ ಅದು ಪಡುವಣ ದಿಕ್ಕಿನಿಂದ ದಕ್ಷಿಣಕ್ಕೆ ಹದಿನೆಂಟು ಡಿಗ್ರಿಯಷ್ಟು ಸರಿದು, ದಿಗಂತದಿಂದ ಮೂವತ್ತೊಂಬತ್ತು ಡಿಗ್ರಿಯಷ್ಟು ಮೇಲೆ. ತ್ರಿಕೋನಮಿತಿ ಓದಿದವರು ಇದನ್ನು ಮನೆಯಲ್ಲೇ ಲೆಕ್ಕ ಹಾಕಿ ನೋಡಬಹುದು. ಅಂದರೆ ಶಾಲೆಯ ಪಡುವಣಕ್ಕೆ ಬೇವಿನ ಮರವಿದ್ದರೆ ಛತ್ರಿಯನ್ನು ಅದರಾಚೆ ನೆಡಬೇಕು. ಆಚೆ ಜಾಗ ಯಾರದು? ಗೌಡರದ್ದೋ, ಗುಡಿಯದ್ದೋ? ಕೇಳಿ ಒಪ್ಪಿಸಬೇಕು. ಸೆಟ್ಟನ್ನು ಎಲ್ಲರೂ ಬರಬಹುದಾದ ಕಡೆ ಇಡಬೇಕೆಂಬುದು ನಿಯಮ. ಎಲ್ಲ ಕೇರಿಯವರೂ ಕಾಲಿಡಬಹುದಾದ ಜಾಗ ಊರಿನಲ್ಲಿ ಎಷ್ಟಿದ್ದವು ಎಂದು ನೀವೇ ಯೋಚಿಸಿ. ಬಹುಮಟ್ಟಿಗೆ ಶಾಲೆ, ಪಂಚಾಯತಿ ಕಟ್ಟಡಗಳೇ ಆದವು.

ಆಮೇಲೆ ಬುನಾದಿ. ಆ ಸೀಮೆಯ ಬಹುಭಾಗ ಕರಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇ ತಿಂಗಳಲ್ಲಿ ನೆಟ್ಟಗೆ ನಿಂತ ಕಂಬ ಸೆಪ್ಟೆಂಬರಿನಲ್ಲಿ ವಾಲಿದರೆ ಅದು ಕಂಬದ ತಪ್ಪಲ್ಲ, ಗುಂಡಿ ಎಷ್ಟು ಆಳ ತೋಡಬೇಕೆಂದು ತಿಳಿಯದವನ ತಪ್ಪು. ಇದು ಉಪಗ್ರಹ ವಿಜ್ಞಾನದ ಪುಸ್ತಕದಲ್ಲಿ ಇರುವುದಿಲ್ಲ. ಆ ಊರಿನ ಗಾರೆ ಕೆಲಸದವನಿಗೆ ಗೊತ್ತಿರುತ್ತದೆ. ರಸಮಟ್ಟ ಹಿಡಿಯಲು, ತೂಗುಗುಂಡು ಬಿಡಲು ಅವನೇ ಬೇಕು. ಬಿಡಿಬಿಡಿಯಾಗಿ ಬಂದ ಛತ್ರಿಯನ್ನು ಜೋಡಿಸಿ, ಡೊಂಕಾಗದಂತೆ ಮೇಲೆತ್ತಲು ನಾಲ್ಕಾರು ಜನರ ಹೆಗಲು ಬೇಕು. ಕರೆಂಟು ಹಳ್ಳಿಯಲ್ಲಿ ಏರಿಳಿಯುವುದು ಹೇಗೆಂದು ಲೈನ್‌ಮನ್ನಿಗೆ ಗೊತ್ತು. ಇವರೆಲ್ಲರನ್ನೂ ಕೂಡಿಸಿಕೊಂಡು, ಕೊನೆಗೆ ಛತ್ರಿಯನ್ನು ಅತ್ತಿತ್ತ ಹೊರಳಿಸಿ ಪರದೆಯ ಮೇಲೆ ಚಿತ್ರ ತರಿಸುವವನು ತಂತ್ರಜ್ಞ. ಅವನಿಗೆ ಬೇಕಾದದ್ದು ವಿದ್ಯೆಯಷ್ಟೇ ಅಲ್ಲ, ಮಾತಿನ ಹದವೂ ಹೌದು.

ಇಂಥವರು ದೇಶಕ್ಕೆ ಎಲ್ಲಿಂದ ಬಂದರು? ಇಲ್ಲಿ ಇತಿಹಾಸವನ್ನು ಇನ್ನೂ ಸ್ವಲ್ಪ ಹಿಂದಕ್ಕೆ ತಿರುವಬೇಕು. ನಮ್ಮಲ್ಲಿ ಧ್ವನಿ ಮತ್ತು ಚಿತ್ರದ ಯಂತ್ರಗಳು ಮೊದಲು ಬಂದದ್ದು ಹವ್ಯಾಸಿಗಳ ಕೈಗೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟ್ ಪ್ರೇಷಕವೊಂದನ್ನು ತಮ್ಮ ಮನೆಯಲ್ಲೇ ಇಟ್ಟು ‘ಆಕಾಶವಾಣಿ’ ಆರಂಭಿಸಿದರು. ಒಬ್ಬರ ಆಸಕ್ತಿಯಿಂದ ಒಂದು ಕೇಂದ್ರ ನಡೆಯಬಹುದು. ಸಾವಿರ ಊರುಗಳಿಗೆ ಅದು ಸಾಲದು. ಅದಕ್ಕೆ ಶಾಲೆ ಬೇಕು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಹೆಸರಿನ ವೃತ್ತಿಶಿಕ್ಷಣ ಸಂಸ್ಥೆ, ಮುಂದಿನ ಎಸ್.ಜೆ. ಪಾಲಿಟೆಕ್ನಿಕ್, ಚಲನಚಿತ್ರ ಛಾಯಾಗ್ರಹಣವನ್ನೂ ಧ್ವನಿಮುದ್ರಣವನ್ನೂ ಕಲಿಸತೊಡಗಿತು. ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗುರುದತ್ತರ ಚಿತ್ರಗಳ ಬೆಳಕು-ನೆರಳು ಅವರದೇ ಕೈಕೆಲಸ. ಗೋವಿಂದ ನಿಹಲಾನಿ 1962ರಲ್ಲಿ ಅಲ್ಲಿಯೇ ಕಲಿತು ಹೊರಬಿದ್ದರು. ಹೆಸರಾದವರು ಇಬ್ಬರು ಮೂವರು. ಹೆಸರಾಗದೆ ಸ್ಟುಡಿಯೋಗಳಲ್ಲಿ, ಚಿತ್ರಮಂದಿರಗಳ ಹಿಂದಿನ ಕತ್ತಲೆ ಕೋಣೆಗಳಲ್ಲಿ ದುಡಿದವರು ಅವರಿಗಿಂತ ಎಷ್ಟೋ ಮಂದಿ.

ಸ್ವಾತಂತ್ರ್ಯದ ನಂತರ ಈ ಕಲಿಕೆಗೆ ಒಂದು ಕಟ್ಟು ಬಂತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಪ್ರಾರಂಭವಾಯಿತು, ನಾವು ಐ.ಟಿ.ಐ. ಎನ್ನುವ ಸಂಸ್ಥೆಗಳು ನಡೆಯುವುದು ಅದರಡಿಯಲ್ಲಿ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದು, ಕಾರ್ಖಾನೆಗಳು ಕಲಿಯುವ ಹುಡುಗರನ್ನು ತೆಗೆದುಕೊಳ್ಳಲೇಬೇಕಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1967ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಇವು ಸಾಮಾನಿನ ಜೊತೆಗೆ ಪಳಗಿದ ಕೆಲಸಗಾರರನ್ನೂ ತಯಾರಿಸಿದವು. ನನ್ನ ಅಭಿಪ್ರಾಯದಲ್ಲಿ ಈ ಕಾರ್ಖಾನೆಗಳ ಎರಡನೆಯ ಉತ್ಪನ್ನವೇ ಮೊದಲನೆಯದಕ್ಕಿಂತ ದೊಡ್ಡದು. ಅಲ್ಲಿ ಕಲಿತವನ ಕೈಯಲ್ಲಿ ಸೋಲ್ಡರಿಂಗ್ ಕಬ್ಬಿಣ ಹಿಡಿಯುವ ರೀತಿಯೇ ಬೇರೆ.

ಇನ್ನೊಂದು ಪೂರ್ವತಯಾರಿಯೂ ಆಗಿತ್ತು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ ‘ಕೃಷಿ ದರ್ಶನ’ ಶುರುವಾಯಿತು. ಅಲ್ಲಿಯೂ ಸಮುದಾಯ ಸೆಟ್ಟುಗಳೇ. ಎಂಬತ್ತು ಹಳ್ಳಿಗಳಲ್ಲಿ ಪಟ್ಟ ಪಾಡು 2,400 ಹಳ್ಳಿಗೆ ಪಾಠವಾಯಿತು ಎನ್ನಬಹುದು.

ಹಾಗೆ ನೋಡಿದರೆ ಛತ್ರಿ ಏರಿಸುವುದಕ್ಕಿಂತ ಏರಿಸಿದ್ದನ್ನು ಒಂದು ವರ್ಷ ಕಾಯುವುದು ದೊಡ್ಡ ಕೆಲಸ. ಉದ್ಘಾಟನೆಯ ದಿನ ಎಲ್ಲ ಸೆಟ್ಟುಗಳೂ ನಡೆಯುತ್ತವೆ. ನೂರನೆಯ ದಿನ? ಸೆಟ್ಟು ಹಳ್ಳಿಯಲ್ಲಿ, ಬಿಡಿಭಾಗ ಜಿಲ್ಲಾ ಕೇಂದ್ರದಲ್ಲಿ, ನಡುವೆ ಎರೆಮಣ್ಣಿನ ದಾರಿ. ಮಳೆ ಹಿಡಿದರೆ ಜೀಪಿನ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಉರುಳುವುದೇ ಇಲ್ಲ. ಹೆಚ್ಚಿನ ಹಳ್ಳಿಗಳಿಗೆ ಟೆಲಿಫೋನು ಇಲ್ಲದ ಕಾಲ. ಸೆಟ್ಟು ಕೆಟ್ಟಿದೆ ಎಂಬ ಸುದ್ದಿ ಮುಟ್ಟಲು ಅಂಚೆಯೇ ಗತಿ. ಆದ್ದರಿಂದ ಪ್ರತಿ ಹಳ್ಳಿಯಲ್ಲೂ ಸೆಟ್ಟಿಗೆ ಒಬ್ಬ ಪಾಲಕ ಇರಬೇಕಾಗಿತ್ತು. ಸಾಮಾನ್ಯವಾಗಿ ಆ ಭಾರ ಬಿದ್ದದ್ದು ಶಾಲೆಯ ಮಾಸ್ತರರ ಮೇಲೆ. ಬಾಗಿಲ ಬೀಗ ತೆಗೆಯುವುದು, ಗುಂಡಿ ಒತ್ತುವುದು, ಮಕ್ಕಳು ತಂತಿ ಎಳೆಯದಂತೆ ನೋಡಿಕೊಳ್ಳುವುದು, ಕೆಟ್ಟರೆ ತಕ್ಷಣ ತಿಳಿಸುವುದು. ‘ಚಿತ್ರ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಸಾಲದು. ಸದ್ದು ಬರುತ್ತಿದೆಯೇ, ದೀಪ ಹತ್ತುತ್ತದೆಯೇ, ಬರೀ ಚುಕ್ಕಿಗಳು ಕುಣಿಯುತ್ತವೆಯೇ ಎಂದು ಬರೆದರೆ ತಂತ್ರಜ್ಞ ಸರಿಯಾದ ಬಿಡಿಭಾಗ ಹೊತ್ತುಕೊಂಡು ಬರುತ್ತಾನೆ. ಇಲ್ಲದಿದ್ದರೆ ಅರವತ್ತು ಮೈಲಿ ಬಂದು ಬರಿಗೈಲಿ ಹಿಂದಿರುಗುತ್ತಾನೆ. ಆ ಮಾಸ್ತರರಿಗೆ ಇದಕ್ಕಾಗಿ ಪದಕ ಕೊಟ್ಟ ಹಾಗೆ ಕಾಣೆ. ಅವರು ತಂತ್ರಜ್ಞರಲ್ಲ, ಆದರೂ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಭರವಸೆಯ ಕೆಲಸಗಾರರು ಅವರೇ ಎಂದು ನಾನು ಹೇಳುತ್ತೇನೆ.

ಫಲ ಏನಾಯಿತು? ಯಾವುದೇ ದಿನ ನೋಡಿದರೂ ಹತ್ತು ಸೆಟ್ಟುಗಳಲ್ಲಿ ಎಂಟಾದರೂ ನಡೆಯುತ್ತಿದ್ದವು. ಈ ಅಂಕಿಯನ್ನು ಸಣ್ಣದೆಂದು ತಿಳಿಯಬೇಡಿ. ಇಂದಿನ ಒಂದು ಪಟ್ಟಣದ ಶಾಲೆಗಳಲ್ಲಿ ಹತ್ತು ಪ್ರೊಜೆಕ್ಟರುಗಳನ್ನು ಎಣಿಸಿ, ಎಷ್ಟು ಹತ್ತಿಕೊಳ್ಳುತ್ತವೆ ನೋಡಿ. ಮೊದಲ ದಿನಗಳಲ್ಲಿ ಜಾತ್ರೆಯಂತೆ ಸೇರುತ್ತಿದ್ದ ಜನ ಕ್ರಮೇಣ ಇಳಿದು ಒಂದು ಸೆಟ್ಟಿಗೆ ಸರಾಸರಿ ನೂರರ ಆಸುಪಾಸಿಗೆ ಬಂದು ನಿಂತರು. ಅದೇ ಸೆಟ್ಟುಗಳ ಮುಂದೆ ಕೂರಿಸಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. ಛತ್ರಿಗಳು ಕೆಟ್ಟು ನಿಂತಿದ್ದರೆ ಆ ತರಬೇತಿ ಎಲ್ಲಿ?

ಪ್ರಯೋಗದ ಎಲ್ಲವನ್ನೂ ಹೊಗಳಬೇಕಾಗಿಲ್ಲ. ತುರ್ತು ಪರಿಸ್ಥಿತಿ ಘೋಷಣೆಯಾಗಿ ಐದು ವಾರಕ್ಕೆ ಅದು ಶುರುವಾದದ್ದು. ಸಂಜೆಯ ಕಾರ್ಯಕ್ರಮಗಳಲ್ಲಿ ಸರ್ಕಾರದ ದನಿ ಜೋರಾಗಿಯೇ ಇತ್ತು. ದೂರದ ನಗರದಲ್ಲಿ ತಯಾರಾದ ಕಾರ್ಯಕ್ರಮದ ಕನ್ನಡಕ್ಕೂ ಬಿಜಾಪುರ ಸೀಮೆಯ ರೈತನ ಕನ್ನಡಕ್ಕೂ ಅಂತರವಿತ್ತು. ಅದು ಬೇರೊಂದು ಭಾಷಣದ ವಿಷಯ.

ಒಂದು ಸಣ್ಣ ಸ್ವಾರಸ್ಯ. ಭೂಸ್ಥಿರ ಉಪಗ್ರಹಗಳ ಮೂಲಕ ಪ್ರಸಾರ ಸಾಧ್ಯ ಎಂದು 1945ರಲ್ಲೇ ಬರೆದಿದ್ದ ಆರ್ಥರ್ ಸಿ. ಕ್ಲಾರ್ಕ್ ಆಗ ಕೊಲಂಬೊದಲ್ಲಿದ್ದರು. ಇಸ್ರೋ ಎಂಜಿನಿಯರುಗಳು ಅಲ್ಲಿಗೆ ಹೋಗಿ ಅವರ ಮನೆಯಲ್ಲೇ ಒಂದು ಛತ್ರಿ ಕೂರಿಸಿಕೊಟ್ಟರು. ಉಪಾಯ ಹೇಳಿದವರಿಗೂ ಕೂರಿಸುವ ಕೈ ಹೊರಗಿನಿಂದಲೇ ಬರಬೇಕಾಯಿತು ನೋಡಿ!

1976ರ ಜುಲೈ 31ರಂದು ಅವಧಿ ಮುಗಿಯಿತು. ಉಪಗ್ರಹ ಹಿಂದಕ್ಕೆ ಸರಿಯಿತು. ಹಳ್ಳಿಗಳ ಪರದೆಗಳು ಖಾಲಿಯಾದವು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ದೂರದರ್ಶನ ಪ್ರೇಷಕ ಬಂದಾಗ ಅದರ ವ್ಯಾಪ್ತಿಯ ಹಳ್ಳಿಗಳಿಗೆ ಮತ್ತೆ ಚಿತ್ರ ದೊರೆಯಿತು, ಉಳಿದವಕ್ಕೆ ಇಲ್ಲ. ಕಲಿತ ಕೈಗಳು ಮಾತ್ರ ಸುಮ್ಮನೆ ಕೂರಲಿಲ್ಲ. 1982ರ ಏಷ್ಯನ್ ಕ್ರೀಡಾಕೂಟದೊಡನೆ ಬಣ್ಣ ಬಂತು. 1983ರಲ್ಲಿ ನಮ್ಮದೇ ಇನ್ಸಾಟ್-1ಬಿ ಹಾರಿತು. 1984ರಲ್ಲಿ ಕೆಲವು ತಿಂಗಳ ಕಾಲ ದೇಶದಲ್ಲಿ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಅದೇ ವರ್ಷದ ಆಗಸ್ಟ್ 15ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳೂ ಪರದೆಗೆ ಬಂದವು. ಊರೂರಿನ ರೇಡಿಯೋ ಅಂಗಡಿಗಳ ಬೋರ್ಡಿನಲ್ಲಿ ‘ಮತ್ತು ಟಿ.ವಿ.’ ಎಂಬ ಎರಡು ಪದ ಸೇರಿಕೊಂಡದ್ದು ಆ ಕಾಲದಲ್ಲಿಯೇ. ಮಾಳಿಗೆ ಹತ್ತಿ ಮೀನಿನ ಮುಳ್ಳಿನಂಥ ಆಂಟೆನಾ ತಿರುಗಿಸುವವನೊಬ್ಬ, ಕೆಳಗೆ ನಿಂತು ‘ಈಗ ಬಂತು, ಈಗ ಹೋಯ್ತು’ ಎಂದು ಕೂಗುವವನೊಬ್ಬ. ನಿಮ್ಮ ತಂದೆತಾಯಿಯರನ್ನು ಕೇಳಿದರೆ ನಕ್ಕು ಹೇಳಿಯಾರು.

ಇದಕ್ಕೆ ಹೋಲಿಸಬೇಕಾದ ಇನ್ನೊಂದು ಅಧ್ಯಾಯ ನಮ್ಮ ರಾಜ್ಯದಲ್ಲಿಯೇ ಇದೆ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟೆಯಿಂದ ಮೇಲೇರಿತು. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳನ್ನು ಅದರ ಜಾಲಕ್ಕೆ ಆರಿಸಿದರು. ಈ ಬಾರಿ ಉಪಗ್ರಹವೂ ನಮ್ಮದೇ, ರಾಕೆಟ್ಟೂ ನಮ್ಮದೇ. ಮೂವತ್ತು ವರ್ಷದಲ್ಲಿ ನಾವು ಎಷ್ಟು ಮುಂದೆ ಬಂದಿದ್ದೆವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ದೇಶದ ಹಲವೆಡೆ ಮೇಲಿನದು ಸಿದ್ಧವಾದರೂ ನೆಲದ ಮೇಲಿನ ಜಾಲ ಸಿದ್ಧವಾಗಲು ತಡವಾಯಿತು, ತೋರಿಸಲು ಪಾಠಗಳೂ ಸಾಕಷ್ಟಿರಲಿಲ್ಲ ಎಂದು ಲೆಕ್ಕ ಪರಿಶೋಧಕರ 2013ರ ವರದಿ ದೂರಿತು. ಅಷ್ಟರಲ್ಲಿ, 2010ರಲ್ಲಿಯೇ, ಉಪಗ್ರಹದ ಆಯಸ್ಸು ಮುಗಿದಿತ್ತು. ಸೈಟ್‌ನಲ್ಲಿ ಉಪಗ್ರಹ ಎರವಲಿನದು, ಒಂದೇ ವರ್ಷದ ಗಡುವು. ಗಡುವಿನ ಭಯಕ್ಕೋ ಏನೋ, ನೆಲದ ಕೆಲಸವನ್ನು ಮೊದಲು ಯೋಚಿಸಿದ್ದರು. ಸ್ವಂತದ್ದು ಬಂದಾಗ ನೆಲವನ್ನು ಆಮೇಲೆ ನೋಡಿದರಾಯಿತು ಎಂಬ ಧೋರಣೆ ಬಂತೇ? ನನಗೆ ಹಾಗನ್ನಿಸುತ್ತದೆ, ನೀವು ಓದಿ ಬೇರೆ ತೀರ್ಮಾನಕ್ಕೆ ಬಂದರೂ ಆಕ್ಷೇಪವಿಲ್ಲ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: ಒಳ್ಳೆಯ ಕೆಲಸಗಾರನನ್ನು ಗುರುತಿಸುವುದು ಹೇಗೆ? ನಮ್ಮ ಕಾಲೇಜಿನ ಪ್ರಸಂಗದಲ್ಲಿ ಆ ಹಳೆಯ ರಿಪೇರಿಯವರು ಕೆಲಸ ಮಾಡಿದ ರೀತಿ ಹೇಳುತ್ತೇನೆ. ಅವರು ಮೊದಲು ಏನನ್ನೂ ಬಿಚ್ಚಲಿಲ್ಲ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತರು, ಮಧ್ಯದಲ್ಲಿ ಕೂತರು, ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿದರು. ‘ಇಲ್ಲಿ ಹೆಚ್ಚಾಗಿ ಭಾಷಣವೋ ಸಂಗೀತವೋ?’ ಎಂದು ಕೇಳಿದರು. ಮರುದಿನ ತಮ್ಮ ಜೊತೆಗೆ ಒಬ್ಬ ಹುಡುಗನನ್ನು ಕರೆತಂದರು. ಅವನು ಹತ್ತಿರದ ಐ.ಟಿ.ಐ.ಯಲ್ಲಿ ಕಲಿಯುತ್ತಿದ್ದವನು. ಏಣಿ ಹತ್ತಿದ್ದು ಅವನು. ಪ್ರತಿಯೊಂದು ಬೋಲ್ಟನ್ನೂ ಕೆಳಗಿನಿಂದ ಹೇಳಿ ಮಾಡಿಸಿದ್ದು ಇವರು. ಮೈಕಿನ ತಂತಿಯನ್ನು ಕರೆಂಟಿನ ತಂತಿಯ ಜೊತೆ ಒಂದೇ ಕೊಳವೆಯಲ್ಲಿ ಎಳೆದಿದ್ದುದನ್ನು ಬಿಡಿಸಿ ಬೇರೆಯಾಗಿಸಿದರು. ಅರ್ಥಿಂಗಿಗೆ ಹೊಸ ಗುಂಡಿ ತೋಡಿಸಿದರು. ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿದರು, ಅದೂ ಕನ್ನಡದಲ್ಲಿ. ‘ನಾನಿಲ್ಲದಾಗ ಬರುವವನಿಗೆ ಗೊತ್ತಾಗಬೇಕಲ್ಲ’ ಎಂದರು. ನೆಪಕ್ಕೆ ಕೂಡ ಹಿಂದಿನವರನ್ನು ಬೈಯಲಿಲ್ಲ. ‘ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಸಾರ್’ ಎಂದಷ್ಟೇ ಅಂದರು. ಅವರ ಕೂಲಿ ಮೊದಲಿನವರಿಗಿಂತ ಹೆಚ್ಚೇ ಆಯಿತು. ಆಡಳಿತ ಮಂಡಳಿಯವರು ಚೌಕಾಸಿ ಮಾಡಿದರು. ಲಕ್ಷಗಟ್ಟಲೆಯ ಸಾಮಾನಿಗೆ ಮಾಡದ ಚೌಕಾಸಿಯನ್ನು ಎರಡು ದಿನದ ಕೂಲಿಗೆ ಮಾಡುವುದು ನಮ್ಮಲ್ಲಿ ರೂಢಿ.

ನಿಮಗೊಂದು ಕೆಲಸ ಹೇಳುತ್ತೇನೆ. ನೀವು ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ ಕಡೆಯವರಾಗಿದ್ದರೆ, ನಿಮ್ಮ ಹಳ್ಳಿಯಲ್ಲೋ ನೆರೆಯಲ್ಲೋ ಆ ಛತ್ರಿ ಇತ್ತೇ ಎಂದು ಹಿರಿಯರನ್ನು ಕೇಳಿ. ಆಗ ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ ಅರವತ್ತರ ಅಂಚಿನಲ್ಲಿದ್ದಾರೆ. ಗುಂಡಿ ತೋಡಿದವರು, ಜಾಲರಿ ಹಿಡಿದೆತ್ತಿದವರು, ಬೀಗದ ಕೈ ಇಟ್ಟುಕೊಂಡಿದ್ದ ಮಾಸ್ತರರು ಇನ್ನೂ ಯಾರಾದರೂ ಸಿಕ್ಕಿಯಾರು. ಸಿಕ್ಕರೆ ಅವರ ಹೆಸರು ಬರೆದುಕೊಳ್ಳಿ. ವಿಜ್ಞಾನಿಗಳ ಹೆಸರು ಪುಸ್ತಕಗಳಲ್ಲಿದೆ, ಇವರದು ಎಲ್ಲೂ ಇಲ್ಲ. ನೆನಪು ಮಸುಕಾಗಿ ಬೇರೆ ಯಾವುದೋ ಛತ್ರಿಯೊಡನೆ ಕಲಸಿಹೋಗಿರುವುದೂ ಉಂಟು. ಅದನ್ನು ತಿಳಿಯಲು ಒಂದು ಸುಲಭದ ಪ್ರಶ್ನೆ ಇದೆ. ಈಗ ನಮ್ಮ ಮನೆಗಳ ಮೇಲಿರುವ ತಟ್ಟೆಗಳೆಲ್ಲ ದಕ್ಷಿಣದಿಂದ ಪೂರ್ವಕ್ಕೆ ಒಲಿದು ನಿಂತಿರುತ್ತವೆ. ‘ಅಜ್ಜಾ, ಆ ಛತ್ರಿ ಯಾವ ಕಡೆ ಮುಖ ಮಾಡಿತ್ತು?’ ಎಂದು ಕೇಳಿ. ಹೊತ್ತು ಮುಳುಗುವ ಕಡೆ ಕೈ ತೋರಿಸಿದರೆ ನೋಟುಬುಕ್ಕು ತೆಗೆಯಿರಿ.